ರೇವಣ್ಣ ಕಾಕಾನ ಮನೆಯಲ್ಲಿಲ್ಲದ ಫ್ರಿಜ್ಜು

ಮೂವತ್ತೆರಡಕ್ಕೇ ನಿವೃತ್ತಿಯೇ ಎಂದು ನಗಬೇಡಿ. ಕ್ರಿಕೆಟ್ ಆಡುವವರು ಆಗುವುದಿಲ್ಲವೇ? ನನಗೆ ಶಾಲು, ಹಾರ, ಬೀಳ್ಕೊಡುಗೆಯ ಭಾಷಣ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬಬಲೇಶ್ವರದ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ನನ್ನದೊಂದು ಟೇಬಲ್ಲಿತ್ತು. ಮೇಲೆ ಲ್ಯಾಪ್‌ಟಾಪ್, ಕೆಳಗೆ ಊಟದ ಡಬ್ಬಿ, ಹಿಂದಿನ ಗೋಡೆಗೆ ‘ಕ್ರೆಡಿಟ್ ರಿಪೋರ್ಟ್ ತಪ್ಪು ಸರಿಪಡಿಸಿ ಕೊಡಲಾಗುವುದು’ ಎಂಬ ಬೋರ್ಡು. ಹೋದ ದೀಪಾವಳಿಗೆ ನಾನು ಆ ಟೇಬಲ್ಲು ಬಿಟ್ಟೆ. ಈಗ ಅಲ್ಲಿ ಇಬ್ಬರು ಹೊಸಬರು ಕೂತಿದ್ದಾರೆ. ದಿನ ಬೆಳಗಾದರೆ ಫೋನು. ‘ಅಣ್ಣಾ, ಇದಕ್ಕೇನ್ ಮಾಡೂದು? ಅಣ್ಣಾ, ಅದಕ್ಕೇನ್ ಬರಿಯೂದು?’ ಬಾಯಲ್ಲಿ ಎಷ್ಟೂಂತ ಹೇಳಲಿ? ಒಮ್ಮೆ ಟೈಪ್ ಮಾಡಿಬಿಡೋಣ ಎಂದು ಕೂತಿದ್ದೇನೆ. ಓದಿ, ಉಪಯೋಗಕ್ಕೆ ಬಂದರೆ ಇಟ್ಟುಕೊಳ್ಳಿ, ಬಾರದಿದ್ದರೆ ನಗುವುದಕ್ಕಂತೂ ಆಗುತ್ತದೆ.

ಕೆಲಸ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ನೀವು ಎಲ್ಲಾದರೂ ಸಾಲ ತೆಗೆದುಕೊಂಡರೆ, ಕಂತು ಕಟ್ಟಿದರೆ, ಕಟ್ಟದೆ ಬಿಟ್ಟರೆ, ಸಾಲ ಕೊಟ್ಟವರು ಎಲ್ಲವನ್ನೂ ಒಂದು ಕಂಪನಿಗೆ ತಿಳಿಸುತ್ತಾರೆ. ಆ ಕಂಪನಿ ನಿಮ್ಮ ಹೆಸರಿನಲ್ಲಿ ಕ್ರೆಡಿಟ್ ರಿಪೋರ್ಟ್ ತಯಾರಿಸಿ, ಶಾಲೆಯ ಮಾರ್ಕಿನ ಹಾಗೆ ಒಂದು ಸ್ಕೋರು ಕೊಡುತ್ತದೆ. ಮುಂದೆ ನೀವು ಯಾವ ಬ್ಯಾಂಕಿಗೆ ಹೋದರೂ ಮ್ಯಾನೇಜರ್ ನಿಮ್ಮ ಮುಖ ನೋಡುವ ಮೊದಲು ಆ ಸ್ಕೋರು ನೋಡುತ್ತಾರೆ. ಯಾವುದೋ ಕಾಲದ ಬಾಕಿಯೊಂದು ಅದರಲ್ಲಿ ‘ವಸೂಲಿಗೆ ಕೊಡಲಾಗಿದೆ’ ಎಂದು ಕೂತಿದ್ದರೆ ಹೊಸ ಸಾಲದ ಮಾತೇ ಇಲ್ಲ. ಬರೆದದ್ದು ತಪ್ಪಾಗಿದ್ದರೆ ತಕರಾರು ಹಾಕಬಹುದು. ಹಾಕಿದ ಮೇಲೆ ಒಂದು ತಿಂಗಳಲ್ಲಿ ಅವರು ಉತ್ತರ ಕೊಡಬೇಕು. ಜನರ ಪರವಾಗಿ ಆ ತಕರಾರು ಬರೆದು ಹಾಕುತ್ತಿದ್ದವನು ನಾನು.

ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ನಾನು ಓದಿದ್ದು ಬಿ.ಎ., ಅದರಲ್ಲೂ ಇತಿಹಾಸ. ಹಳೆ ಬೈಕೊಂದನ್ನು ಸಾಲದಲ್ಲಿ ಕೊಳ್ಳಲು ಹೋದಾಗ ‘ನಿಮ್ಮ ಸ್ಕೋರೇ ಇಲ್ಲ’ ಎಂದು ವಾಪಸ್ ಕಳಿಸಿದರು. ಕಡಿಮೆ ಇದೆ ಎಂದಿದ್ದರೆ ಅವಮಾನವಾಗುತ್ತಿತ್ತು; ಇಲ್ಲವೇ ಇಲ್ಲ ಎಂದರೆ ನಾನು ಹುಟ್ಟಿದ್ದೇನೋ ಇಲ್ಲವೋ ಎಂದೇ ಅನುಮಾನ ಬಂತು. ಸಿಟ್ಟಿಗೆ ಫೋನಿನಲ್ಲಿ ವೀಡಿಯೊ ನೋಡಿದೆ, ಅಪ್ಪನ ರಿಪೋರ್ಟು ತೆಗೆದೆ, ಕಾಕಾಂದಿರ ರಿಪೋರ್ಟು ತೆಗೆದೆ, ನಮ್ಮ ಓಣಿಯಲ್ಲಿ ರಿಪೋರ್ಟು ಇಲ್ಲದ ಮನೆ ಉಳಿಯಲಿಲ್ಲ. ‘ಇವನಿಗೆ ಹುಚ್ಚು ಹಿಡಿದೈತಿ’ ಎಂದವರೇ ಆಮೇಲೆ ಒಬ್ಬೊಬ್ಬರಾಗಿ ಬಂದು, ಬಾಗಿಲು ಮುಂದೆ ಮಾಡಿ, ‘ನನ್ನದು ಸ್ವಲ್ಪ ನೋಡಪ್ಪ’ ಎಂದರು.

ನನ್ನ ಮೇಲಧಿಕಾರಿ ಎಂದರೆ ವಿಜಯಪುರದ ದೇಸಾಯಿ ಸರ್. ಬ್ಯಾಂಕಿನಿಂದ ನಿವೃತ್ತರಾಗಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮಾಳಿಗೆಯ ಮೇಲೆ ಸಣ್ಣ ಆಫೀಸು ಇಟ್ಟಿದ್ದರು. ನಾನು ಅವರ ಬಬಲೇಶ್ವರ ಶಾಖೆ. ಶಾಖೆ ಎಂದರೆ ಆ ಟೇಬಲ್ಲು. ನನ್ನ ಮೊದಲ ತಕರಾರು ಪತ್ರವನ್ನು ಅವರ ಮುಂದೆ ಹಿಡಿದಾಗ ನನಗೆ ಬಹುಮಾನವೇ ಬರುತ್ತದೆ ಎಂದುಕೊಂಡಿದ್ದೆ. ಎರಡು ಪುಟ. ‘ಬಡವರ ರಕ್ತ’ ಎಂಬ ಮಾತು ಮೂರು ಕಡೆ ಇತ್ತು. ಸರ್ ಕನ್ನಡಕ ಹಣೆಗೆ ಏರಿಸಿದರು.

“ಏನೋ ಇದು, ಭಾಷಣ ಬರದೀಯೇನು? ಯಾವ ಖಾತೆ, ಏನು ತಪ್ಪು, ಏನು ತಿದ್ದಬೇಕು, ಇಷ್ಟು ಎಲ್ಲಿ ಅದ ಹೇಳು?”

“ಎರಡನೇ ಪುಟದಾಗ ಐತ್ರಿ ಸರ್.”

“ಅಲ್ಲೀ ತನಕಾ ಓದೋ ಮನಷ್ಯಾ ಆ ಕಂಪನ್ಯಾಗ ಹುಟ್ಟಿಲ್ಲ,” ಎಂದು ಪೆನ್ನು ತೆಗೆದು ಎಳೆಯುತ್ತ ಹೋದರು. ಕೊನೆಗೆ ನಾಲ್ಕು ಸಾಲು ಉಳಿದವು. ಆ ನಾಲ್ಕು ಸಾಲಿಗೇ ಕೆಲಸವಾಯಿತು. ಅಂದಿನಿಂದ ನನ್ನ ಪತ್ರಗಳಲ್ಲಿ ರಕ್ತ ಹರಿಯಲಿಲ್ಲ.

ಪತ್ರ ಸುಧಾರಿಸಿತು, ನಾನು ಸುಧಾರಿಸಲಿಲ್ಲ. ತಿಕೋಟಾದ ಮಾಸ್ತರರೊಬ್ಬರ ರಿಪೋರ್ಟಿನಲ್ಲಿ ಅವರದಲ್ಲದ ಟ್ರ್ಯಾಕ್ಟರ್ ಸಾಲ ಕೂತಿತ್ತು. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಗೊತ್ತಲ್ಲ. ಅಣ್ಣತಮ್ಮಂದಿರು ಇಬ್ಬರೂ ಇಟ್ಟುಬಿಟ್ಟರೆ ಒಂದೇ ಮನೆತನದಲ್ಲಿ ಒಂದೇ ಹೆಸರಿನ ಇಬ್ಬರು ತಯಾರು. ಟ್ರ್ಯಾಕ್ಟರ್ ಇದ್ದದ್ದು ಮಾಸ್ತರರ ಚಿಕ್ಕಪ್ಪನ ಮಗನಿಗೆ. ಹುಟ್ಟಿದ ತಾರೀಖು ಬೇರೆ ಎಂದು ತೋರಿಸಿದರೆ ಮುಗಿಯುವ ಕೆಲಸ. ನಾನು ಇಬ್ಬರ ಕಾಗದವನ್ನೂ ಇಸಿದುಕೊಂಡು, ಗಡಿಬಿಡಿಯಲ್ಲಿ ತಿರುವುಮುರುವು ಲಗತ್ತಿಸಿ ಕಳಿಸಿದೆ. ತಿಂಗಳ ಮೇಲೆ ಟ್ರ್ಯಾಕ್ಟರ್ ಗಟ್ಟಿಯಾಗಿ ಮಾಸ್ತರರ ಹೆಸರಿಗೇ ಕೂತಿತು. ಮಾಸ್ತರರು ಬೈಯಲಿಲ್ಲ. “ಇರ್ಲಿ, ಟ್ರ್ಯಾಕ್ಟರ್ ಹೊಡಿಯೂದರ ಕಲಿಸು,” ಎಂದರು. ಅದನ್ನು ತಿದ್ದಿಸಲು ಇನ್ನೊಂದು ತಿಂಗಳು ಹಿಡಿಯಿತು. ಕಳಿಸುವ ಮುಂಚೆ ಪ್ರತಿ ಲಗತ್ತನ್ನೂ ತೆರೆದು ನೋಡಿ. ಬೇರೆ ಉಪದೇಶ ಇಲ್ಲ.

ಈಗ ರೇವಣ್ಣ ಕಾಕಾನಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದಿಷ್ಟನ್ನೂ ಟೈಪ್ ಮಾಡಲು ಕೂತದ್ದೇ ಅವನಿಗಾಗಿ.

ರೇವಣಸಿದ್ದಪ್ಪ ಬಬಲೇಶ್ವರದಿಂದ ಕಾಖಂಡಕಿಗೆ, ಅಲ್ಲಿಂದ ವಿಜಯಪುರಕ್ಕೆ ಜೀಪು ಹೊಡೆಯುತ್ತಿದ್ದ. ಊರಿಗೆಲ್ಲ ಕಾಕಾ. ಅವನ ಜೀಪಿನಲ್ಲಿ ಕೂತು ಕಾಲೇಜಿಗೆ ಹೋದವನು ನಾನು. ಒಂದು ಮುಂಜಾನೆ ಹೆಂಡತಿ ನೀಲವ್ವನನ್ನು ಕರೆದುಕೊಂಡು ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. ಜೀಪಿನಿಂದ ಹೊರಗೆ ಅವನು ನಿಂತದ್ದನ್ನು ನೋಡಿ ರೂಢಿಯೇ ಇರಲಿಲ್ಲ ನನಗೆ.

“ಸಂಗ್ಯಾ, ನನ್ನ ಗಾಡಿ ಹೋತಲೇ.”

ಗಾಡಿ ಎಲ್ಲಿಯೂ ಹೋಗಿರಲಿಲ್ಲ, ಮನೆಯ ಮುಂದೆಯೇ ಇತ್ತು. ಆದರೆ ಹಳತಾಗಿ, ಇನ್ನು ಪ್ಯಾಸೆಂಜರ್ ಹೊರಲು ಬರುವುದಿಲ್ಲವೆಂದು ಆರ್‌ಟಿಒದವರು ಫಿಟ್ನೆಸ್ ಪತ್ರ ಕೊಟ್ಟಿರಲಿಲ್ಲ. ಹೊಸ ಗಾಡಿಯ ಸಾಲಕ್ಕೆ ಬ್ಯಾಂಕಿಗೆ ಹೋದರೆ ‘ನಿಮ್ಮ ಹೆಸರಿನಲ್ಲಿ ಹಳೆ ಬಾಕಿ ಇದೆ’ ಎಂದಿದ್ದರು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಪಾಳಿ. ನಮ್ಮ ಜೀಪ್ ಸ್ಟ್ಯಾಂಡಿನಲ್ಲಿ ಯಾವ ಗಾಡಿ ಯಾವುದರ ಹಿಂದೆ ಹೊರಡಬೇಕೆಂಬ ಪಾಳಿ ಇದೆ. ಪ್ರತಿ ಅಮಾವಾಸ್ಯೆಗೆ ಗಾಡಿಗಳನ್ನೆಲ್ಲ ತೊಳೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಪಾಳಿ ಕೂಗುತ್ತಾರೆ. ಮೂರು ಅಮಾವಾಸ್ಯೆ ಒಬ್ಬನ ಗಾಡಿ ಪೂಜೆಗೆ ಬರದಿದ್ದರೆ ಅವನ ಪಾಳಿ ಕಾಯುತ್ತಿರುವ ಇನ್ನೊಬ್ಬನಿಗೆ ಹೋಯಿತು. ಬರೆದಿಟ್ಟ ಕಾನೂನಲ್ಲ, ಆದರೆ ಯಾರೂ ಮುರಿದದ್ದಿಲ್ಲ. ಪಾಳಿ ಹೋದರೆ ಹೊಸ ಗಾಡಿ ತಂದು ಮನೆ ಮುಂದೆ ನಿಲ್ಲಿಸಿ ಸೆಲ್ಫಿ ತೆಗೆಸಿಕೊಳ್ಳಬೇಕು, ಅಷ್ಟೇ.

ರಿಪೋರ್ಟು ತೆಗೆದೆ. ಎಲ್ಲ ಸ್ವಚ್ಛ. ಒಂದೇ ಒಂದು ಖಾತೆ ಕೆಂಪಗೆ: ಫ್ರಿಜ್ಜಿಗೆ ತೆಗೆದುಕೊಂಡ ಸಾಲ, ಕೊನೆಯ ಕಂತುಗಳು ಬಂದಿಲ್ಲ, ವಸೂಲಿಗೆ ಕೊಡಲಾಗಿದೆ.

“ಕಾಕಾ, ಫ್ರಿಜ್ ತಗೊಂಡಿದ್ದೇನು?”

“ಫ್ರಿಜ್ಜಾ?” ಕಾಕಾ ನಕ್ಕ. “ನಮ್ಮನಿಗೆ ಬಂದು ನೋಡಲೇ. ಇವತ್ತಿಗೂ ಹರಿವ್ಯಾನ ನೀರು ಕುಡಿಯವ್ರು ನಾವು. ನನ್ನ ಹಂತ್ಯಾಕ ಫ್ರಿಜ್ ಇಲ್ಲ, ಇದ್ದಿದ್ದಿಲ್ಲ.”

ನಾನು ಹೋಗಿ ನೋಡಿದೆ ಕೂಡ. ನಿಜ. ಅಡುಗೆಮನೆಯಲ್ಲಿ ಮಣ್ಣಿನ ಹರಿವಿ, ಮೇಲೆ ತಟ್ಟೆ, ಮೇಲೆ ಲೋಟ. ಫ್ರಿಜ್ಜಿನ ಸುಳಿವೇ ಇಲ್ಲ. ನನ್ನ ರಕ್ತ ಕುದಿಯಿತು. ಬಡವನ ಹೆಸರಿನಲ್ಲಿ ಯಾರೋ ಫ್ರಿಜ್ ಹೊಡೆದಿದ್ದಾರೆ! ಆದರೂ ದೇಸಾಯಿ ಸರ್ ಹೇಳಿದ ಹಾಗೆ ನಾಲ್ಕೇ ಸಾಲು ಬರೆದೆ: ಈ ಖಾತೆ ಇವರದಲ್ಲ, ಇವರು ಈ ಸಾಲ ತೆಗೆದುಕೊಂಡಿಲ್ಲ, ತೆಗೆದುಹಾಕಿ. ಮತ್ತೆ ಕಾಯುತ್ತ ಕೂತೆ. ಮೊದಲನೇ ಅಮಾವಾಸ್ಯೆ ಬಂತು. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಕಾಕಾನ ಜಾಗ ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು. ಕಾಕಾ ಮಾತ್ರ ಎಲ್ಲರಿಗೂ “ನಮ್ಮ ಸಂಗ್ಯಾ ಇಂಗ್ಲಿಷಿನ್ಯಾಗ ಜಾಡಿಸ್ಯಾನ, ಬರೂ ವಾರ ಆಕ್ಕೈತಿ,” ಎನ್ನುತ್ತ ತಿರುಗುತ್ತಿದ್ದ.

ಆಗಲಿಲ್ಲ. ಉತ್ತರ ಬಂತು: ಖಾತೆ ಇವರದೇ. ಜೊತೆಗೆ ಒಂದು ಫೋಟೊ. ಆಗ ಸಾಲದಲ್ಲಿ ಸಾಮಾನು ಕೊಟ್ಟರೆ ಗಿರಾಕಿಯನ್ನು ಸಾಮಾನಿನ ಪಕ್ಕ ನಿಲ್ಲಿಸಿ ಅಂಗಡಿಯಲ್ಲೇ ಫೋಟೊ ತೆಗೆಯುತ್ತಿದ್ದರು. ಫೋಟೊದಲ್ಲಿ ತಲೆಗೆ ಇಳಕಲ್ಲಿನ ಹೊಸ ಪಟಗ ಸುತ್ತಿಕೊಂಡು, ಕೆಂಪು ಫ್ರಿಜ್ಜಿನ ಹೆಗಲ ಮೇಲೆ ಗೆಳೆಯನ ಮೇಲಿಟ್ಟಂತೆ ಕೈಯಿಟ್ಟು, ಬಾಯಿ ತುಂಬ ನಗುತ್ತ ನಿಂತವನು ಯಾರು? ರೇವಣ್ಣ ಕಾಕಾ.

ಫೋನು ಹಿಡಿದುಕೊಂಡು ಸೀದಾ ಅವರ ಮನೆಗೆ ಓಡಿದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ, ನೀಲವ್ವ ಕಾಕು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ಕಾಕಾ, ಇವ ಯಾರು?”

ಕಾಕಾ ಫೋನನ್ನು ದೂರ ಹಿಡಿದು ನೋಡಿದ. ಮುಖ ಅರಳಿತು. “ನಾನ! ಎಟ್ ಚಂದ್ ಬಂದೈತಲೇ! ಎಲ್ಲಿ ಸಿಕ್ಕತು?”

“ಮತ್ತ ಫ್ರಿಜ್ ತಗೊಂಡಿಲ್ಲಂದಿ?”

“ನಾ ಎಲ್ಲಿ ತಗೊಂಡೇನಿ? ಇದು ಶೋಭಾಂದು!”

ಕಾಕು ಮೆಣಸಿನಕಾಯಿ ಕೈಯಲ್ಲೇ ಹಣೆ ಬಡಿದುಕೊಂಡಳು. “ಅಯ್ಯ ನನ ಶಿವನ! ಯಪ್ಪಾ, ಇದು ಶೋಭಾನ ಆಯೇರದ ಫ್ರಿಜ್ಜು.”

ಕಾಖಂಡಕಿಯ ತಂಗಿಯ ಮಗಳು ಶೋಭಾಳ ಮದುವೆಯಲ್ಲಿ ಸೋದರಮಾವನಾದ ಕಾಕಾ ಫ್ರಿಜ್ ಆಯೇರ ಮಾಡಿದ್ದ. ಆಯೇರ ಎಂದರೆ ಮದುವೆಯ ಉಡುಗೊರೆ. ನಮ್ಮ ಕಡೆ ಅದನ್ನು ಮೈಕಿನಲ್ಲಿ ಕೂಗುತ್ತಾರೆ. ‘ಸೋದರಮಾವ ರೇವಣಸಿದ್ದಪ್ಪನವರಿಂದ ಒಂದು ಫ್ರಿಜ್ಜು!’ ಎಂದು ಕೂಗಿದಾಗ ಇಡೀ ಹಂದರ ತಿರುಗಿ ನೋಡಿತಂತೆ. ಅದನ್ನು ಅಂಗಡಿಯಲ್ಲಿ ಕಂತಿನ ಮೇಲೆ ತಂದದ್ದೂ ನಿಜ, ಸಹಿ ಮಾಡಿದ್ದೂ ನಿಜ.

“ಹಂಗಾರ ನಾ ಕೇಳಿದಾಗ ಹೇಳಾಕೇನಾಗಿತ್ತು ಕಾಕಾ? ಒಂದು ಅಮಾಸಿ ಹೋತು!”

ಕಾಕಾನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ನೀ ಏನ್ ಕೇಳಿದಿ? ಫ್ರಿಜ್ ತಗೊಂಡೀಯೇನಂದಿ. ಆಯೇರ ಕೊಟ್ಟಿದ್ದು ನಂದಂತ ಹ್ಯಾಂಗ ಹೇಳ್ಲಿ? ಮೈಕಿನ್ಯಾಗ ಕೂಗಿದ ಮ್ಯಾಲ ಅದು ಅಕೀದು. ಕೊಟ್ಟಿದ್ದನ್ನ ನಂದು ನಂದು ಅನ್ನೂದು ಗಂಡಸ್ರ ಲಕ್ಷಣ ಏನು?”

ಹೊಸಬರೇ, ಅಂದಿನಿಂದ ನಾನು ಪ್ರಶ್ನೆ ಬದಲಿಸಿದೆ. ‘ಸಾಲ ತೆಗೆದುಕೊಂಡಿದ್ದೀರಾ’ ಎಂದು ಕೇಳಬೇಡಿ. ‘ಯಾರಿಗಾದರೂ ಏನಾದರೂ ಕೊಡಿಸಿದ್ದೀರಾ, ಯಾರದಾದರೂ ಮದುವೆಗೆ ಎಲ್ಲಾದರೂ ಸಹಿ ಹಾಕಿದ್ದೀರಾ’ ಎಂದು ಕೇಳಿ. ಅರ್ಧ ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಉಳಿದರ್ಧ ಗಂಟು ಇನ್ನೂ ಬಿಗಿಯಾಗಿತ್ತು. “ಇರ್ಲಿ,” ಎಂದೆ, “ಕಡೀ ಕಂತು ಯಾಕ ತುಂಬಲಿಲ್ಲ?”

ಈಗ ಕಾಕಾನಿಗೆ ಸಿಟ್ಟು ಬಂತು. ಕಟ್ಟೆಯಿಂದ ಎದ್ದೇ ನಿಂತ. “ತುಂಬೀನಿ! ಎಲ್ಲಾ ತುಂಬೀನಿ! ನಮ್ಮಪ್ಪನಾಣಿ ಒಂದೂ ಬಿಟ್ಟಿಲ್ಲ. ಆ ವಸೂಲಿ ಹುಡುಗ ಬಸುನ್ನ ಕೇಳ ಹೋಗು.”

ದೇಸಾಯಿ ಸರ್‌ಗೆ ಹೇಳಿದೆ. ಅವರು ಬಹಳ ಹೊತ್ತು ಆ ಫೋಟೊ ನೋಡಿ, “ಪಟಗಾ ಛಂದ ಅದ,” ಎಂದರು. ಆಮೇಲೆ, “ತುಂಬೀನಿ ಅಂತಾನಲ್ಲ, ಅದನ್ನ ಮದಲ ಗಟ್ಟಿ ಮಾಡ್ಕೋ. ಸುಳ್ಳು ಹೇಳೋ ಮಂದಿ ಪಾವತಿ ಕಳದದ ಅಂತಾರ. ಇಂವಾ ಮನಷ್ಯಾನ ಹೆಸರು ಹೇಳ್ಯಾನ. ಆ ಮನಷ್ಯಾನ್ನ ಹುಡುಕು,” ಎಂದರು.

ನಡುವೆ ಒಂದು ಆಸೆಯೂ ಬಂತು. ಯಾರೋ ಫೋನ್ ಮಾಡಿ, ಹಳೆ ಖಾತೆ ಈಗ ತಮ್ಮ ಕೈಯಲ್ಲಿದೆ ಎಂದೂ, ಅರ್ಧ ಕೊಟ್ಟರೆ ಸಾಕು, ಇವತ್ತೇ ಸೆಟಲ್ ಮಾಡುತ್ತೇವೆ ಎಂದೂ ಹೇಳಿದರು. ನಾನು ಕುಣಿದಾಡಿಬಿಟ್ಟೆ. ಕಾಕಾನ ಮನವೊಲಿಸಿ ಮುಗಿಸಿಬಿಡೋಣ ಎಂದು ಸರ್‌ಗೆ ಫೋನ್ ಮಾಡಿದರೆ ಆ ಕಡೆಯಿಂದ ನಿಟ್ಟುಸಿರು.

“ರೊಕ್ಕಾ ಎಲ್ಲಿಗೆ ಹಾಕಂದಾ?”

“ತನ್ನ ಫೋನ್ ನಂಬರಿಗೇ ಹಾಕಂದಾನ್ರಿ.”

“ಕಂಪನಿ ಖಾತಿ ಬಿಟ್ಟು ಒಬ್ಬನ ಫೋನಿಗೆ ಹಾಕಿದ್ರ ಅದು ಅವನ ಮನೀ ಖರ್ಚಿಗೆ ಆತು. ಇನ್ನ ಎರಡನೇದು. ಅರ್ಧಾ ಕೊಟ್ಟು ಸೆಟಲ್ ಮಾಡಿದ್ರ ರಿಪೋರ್ಟಿನೊಳಗ ‘ಸೆಟಲ್ಡ್’ ಅಂತನ ಬರೀತಾರ. ಪೂರಾ ಕೊಡಲಿಲ್ಲ, ರಾಜಿ ಆದ್ರು ಅಂತ ಅದರ ಅರ್ಥ. ಬ್ಯಾಂಕಿನಾಂವ ಅದನ್ನ ನೋಡಿ ಮತ್ತ ಹೊರಗ ಕಳಸ್ತಾನ. ನಮಗ ಬೇಕಾದ್ದು ‘ಕ್ಲೋಸ್ಡ್’. ತಿಳೀತಿಲ್ಲೋ?”

ತಿಳಿಯಿತು. ಈ ಎರಡು ಪದಗಳ ನಡುವಿನ ವ್ಯತ್ಯಾಸ ಕಲಿತರೆ ನೀವು ಈ ವೃತ್ತಿಯಲ್ಲಿ ಅರ್ಧ ಪಾಸು.

ಕಾಕಾ ಹೇಳಿದ ಬಸು, ಅಂದರೆ ಬಸವರಾಜ, ಸಿಕ್ಕಿದ್ದು ತಿಕೋಟಾದ ಹತ್ತಿರದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ. ವಸೂಲಿ ಕೆಲಸ ಬಿಟ್ಟು ವರ್ಷಗಳೇ ಆಗಿದ್ದವು. ಮಾಳಿಗೆ ಮಾಳಿಗೆಯಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಬಸು ಕೆಳಗೆ ನಿಂತು ಬಲೆ ಅಲ್ಲಾಡಿಸುವವರಿಗೆ ಕೂಗಿ ಹೇಳುತ್ತಿದ್ದ. ನನ್ನದೇ ವಾರಿಗೆ. ಒಂದು ಮುಷ್ಟಿ ಮನೂಕ, ಅದೇ ಒಣದ್ರಾಕ್ಷಿ, ನನ್ನ ಕೈಗೆ ಸುರಿದ ಮೇಲೆಯೇ ಮಾತು.

“ರೇವಣ್ಣ ಕಾಕಾ? ದೇವರಂಥ ಮನಷ್ಯಾ! ಒಂದು ದಿನಾನೂ ನನ್ನ ಕಡಿಂದ ಟಿಕೀಟು ತಗೊಳ್ಳಿಲ್ಲ ನೋಡ್ರಿ. ದಿನಾ ವಿಜಯಪುರದಿಂದ ಬಬಲೇಶ್ವರಕ್ಕ, ಕಾಖಂಡಕಿಗೆ ಅವರ ಗಾಡ್ಯಾಗ ಬರ್ತಿದ್ದೆ. ರೊಕ್ಕ ಕೊಡಾಕ ಹೋದ್ರ ಕೈ ದೂಡ್ತಿದ್ರು.”

“ಮತ್ತ ಕಂತು?”

“ಮೊದಲಿನೂ ಎಲ್ಲಾ ಕೊಟ್ಟಾರ. ಕಡೀವು ನಾಕಾರು ಉಳಿದಿದ್ವು. ಕೇಳಿದ್ರ, ‘ಐತಿ ಐತಿ, ನಡೀತೈತಿ’ ಅಂತಿದ್ರು. ಅಷ್ಟು ಒಳ್ಳೇವ್ರನ್ನ ಜೋರು ಮಾಡಿ ಹ್ಯಾಂಗ ಕೇಳೂದ್ರಿ? ಮುಂದ ನಾ ಕೆಲಸ ಬಿಟ್ಟೆ.”

ನನ್ನ ಕೈಯಲ್ಲಿದ್ದ ಮನೂಕ ಬಾಯಿಗೆ ಹೋಗಲೇ ಇಲ್ಲ. ‘ನಡೀತೈತಿ.’ ಏನು ನಡೆಯುತ್ತಿತ್ತು ಎಂದು ನನಗೆ ಆಗ ಹೊಳೆಯಿತು. ಕಾಕಾ ಕೈ ದೂಡಿದ್ದು ಪ್ರೀತಿಗಲ್ಲ. ಬಸುವಿನ ದಿನದಿನದ ಟಿಕೀಟನ್ನು ತನ್ನ ಕಂತಿನಲ್ಲಿ ವಜಾ ಮಾಡಿಕೊಳ್ಳುತ್ತಿದ್ದ, ಎಂದರೆ ಕಂತಿನಿಂದ ಅಷ್ಟು ಕಳೆದು ಲೆಕ್ಕ ಹಿಡಿಯುತ್ತಿದ್ದ! ನಮ್ಮ ಜೀಪುಗಳಲ್ಲಿ ಇದು ಹೊಸದೇನಲ್ಲ. ಹಾಲಿನವನು ಹಾಲು ಹಾಕುತ್ತಾನೆ, ಟಿಕೀಟು ಅದರಲ್ಲಿ ವಜಾ. ಕ್ಷೌರದವನು ಗಡ್ಡ ಮಾಡುತ್ತಾನೆ, ಟಿಕೀಟು ವಜಾ. ಆದರೆ ಹಾಲಿನವನಿಗೂ ಕ್ಷೌರದವನಿಗೂ ಅದು ಗೊತ್ತಿರುತ್ತದೆ. ಬಸುವಿಗೆ ಯಾರೂ ಹೇಳಿರಲಿಲ್ಲ. ಮೇಲಾಗಿ ಫ್ರಿಜ್ಜಿನ ಸಾಲ ಬಸುವಿನದಲ್ಲ, ಕಂಪನಿಯದು. ಕಂಪನಿ ಯಾವತ್ತೂ ಜೀಪು ಹತ್ತಿರಲಿಲ್ಲ.

ಎರಡನೇ ಅಮಾವಾಸ್ಯೆಗೆ ಬಸುವನ್ನು ಸ್ಟ್ಯಾಂಡಿಗೆ ಕರೆತಂದೆ. ಗಾಡಿಗಳ ಪೂಜೆ ಮುಗಿದು, ಡ್ರೈವರುಗಳೆಲ್ಲ ಬಾಯಲ್ಲಿ ಕೊಬ್ಬರಿ ಹಾಕಿಕೊಂಡು ನಿಂತಿದ್ದರು. ಪಾಳಿ ಕೂಗುವ ಹಿರಿಯ ಇಬ್ರಾಹಿಂ ಚಾಚಾ ಸ್ಟೂಲಿನ ಮೇಲೆ ಕೂತಿದ್ದರು. ಕಾಕಾ ಬಸುವನ್ನು ನೋಡಿದವನೇ, “ಹೇಳಲೇ ಬಸ್ಯಾ, ನಾ ಎಲ್ಲಾ ತುಂಬೀನೋ ಇಲ್ಲೋ?” ಎಂದ.

“ಕಾಕಾ, ಕಡೀವು ತುಂಬಿಲ್ರಿ.”

“ಎಷ್ಟ ದಿವಸ ನನ್ನ ಗಾಡ್ಯಾಗ ತಿರಿಗ್ಯಾಡಿದಿ? ಅದೆಲ್ಲಿ ಹೋತು?”

“ನೀವ ಬ್ಯಾಡ ಅಂತಿದ್ರಲ್ರಿ! ನಾ ರೊಕ್ಕ ಹಿಡಕೊಂಡ ನಿಂದರ್ತಿದ್ದೆ!”

“ಯಾಕ ತಗೋಬೇಕು? ನಾ ಮನಸಿನ್ಯಾಗ ಎಣಸಾಕತ್ತಿದ್ದೆ! ದಿನಾ ಹೋಗೂದ ಬರೂದ ಎಣಿಸಿ, ಸಾಲ ಫಿಟ್ಟಿತು ಅಂದ ಮ್ಯಾಲೆ ಎಣಸೂದು ಬಿಟ್ಟೆ.”

“ನಿಮ್ಮ ಮನಸಿನ್ಯಾಗ ಎಣಸಿದ್ರ ನನಗ ಹ್ಯಾಂಗ ಗೊತ್ತಾಗಬೇಕ್ರಿ? ನಾ ಮನ್ಯಾಗೆಲ್ಲ ಹೇಳೀನಿ, ನಮ್ಮವ್ವ ನಿಮ್ಮ ಹೆಸರ್ಲೆ ದೀಪಾ ಹಚ್ಚತಿದ್ಲು!”

ಸುತ್ತ ನಿಂತವರು ಕೊಬ್ಬರಿ ಉಗುಳಿ ನಕ್ಕರು. ಕಾಕಾ ನಗಲಿಲ್ಲ. “ನಗಬ್ಯಾಡ್ರಿ. ನಾ ಇಷ್ಟ ವರ್ಷ ಯಾರದೂ ಇಟ್ಟಕೊಂಡಾವಲ್ಲ. ಈಗ ಮತ್ತ ತುಂಬಿದ್ರ, ನಾ ಅವಾಗ ತುಂಬಿಲ್ಲ ಅಂತ ಒಪ್ಪಿದಂಗ. ಪಾಳಿ ಹೋದ್ರ ಹೋಗ್ಲಿ, ನಾ ಸುಳ್ಳ ಅನ್ನಿಸ್ಕೊಳ್ಳೂದಿಲ್ಲ.”

ನಗು ನಿಂತಿತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಕಾಕಾ ಹೇಳಿದರೆ ಹೇಳಿದ್ದೇ. ನನ್ನ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಯಾವ ಬಟನ್ನೂ ಇರಲಿಲ್ಲ. ಇಬ್ರಾಹಿಂ ಚಾಚಾ ನಿಧಾನವಾಗಿ ಕೈ ಎತ್ತಿದರು.

“ರೇವಣ್ಣಾ, ನೀ ಸುಳ್ಳ ಅಲ್ಲ. ನೀ ಕೊಟ್ಟಿ. ಅದಕ್ಕ ನಾವೆಲ್ಲಾ ಸಾಕ್ಷಿ, ಈ ಹುಡುಗ ನಿನ್ನ ಗಾಡ್ಯಾಗ ಕುಂತಿದ್ದು ನಾವೂ ನೋಡೀವಿ. ಆದ್ರ ನೀ ಕೊಟ್ಟಿದ್ದು ಬಸೂನ ಕಿಸೇದಾಗ ಐತಿ, ಕಂಪನಿ ಕಿಸೇದಾಗ ಇಲ್ಲ. ಬಸ್ಯಾ, ನೀ ಕುಂತಿಯೋ ಇಲ್ಲೋ?”

“ಕುಂತೀನ್ರಿ ಚಾಚಾ.”

“ಹಂಗಾರ ನಿನ್ನ ಟಿಕೀಟು ಕೊಡು. ರೇವಣ್ಣಾ, ಅದನ್ನ ತಗೋ, ತಗೊಂಡು ಕಂಪನಿಗೆ ಮುಟ್ಟಸು. ನೀ ಹೊಸಾದು ಏನೂ ತುಂಬಾಕತ್ತಿಲ್ಲ. ತಪ್ಪ ಕಿಸೇದಾಗ ಬಿದ್ದಿದ್ದನ್ನ ಸರಿ ಕಿಸೇದಾಗ ಹಾಕಾಕತ್ತಿ.”

ಕಾಕಾ ತನ್ನ ಖಾಲಿ ಜಾಗದ ಕಡೆ ನೋಡಿದ. ಪೂಜೆಗೆಂದು ಬಂದು ನಿಂತಿದ್ದ ನೀಲವ್ವ ಕಾಕುವಿನ ಕಡೆಗೂ ಅವನ ಕಣ್ಣು ಒಮ್ಮೆ ಹೋಗಿ ಬಂತು. ಕೊನೆಗೆ, “ಹೋಗೂದ ಬರೂದ ಎರಡೂ ಹಿಡೀಬೇಕು,” ಎಂದ. ಬಸು, “ಹಿಡೀರಿ ಕಾಕಾ, ಮಳಿಗಾಲದಾಗ ನೀವು ಕೊಡಿಸಿದ ಚಹಾನೂ ಹಿಡೀರಿ,” ಎಂದ. “ಚಹಾ ಬ್ಯಾಡ. ಚಹಾ ನಾ ಪ್ರೀತಿಲೆ ಕುಡಿಸಿದ್ದು,” ಎಂದ ಕಾಕಾ. ಈಗ ನಕ್ಕರೆ ಯಾರೂ ಬೇಡವೆನ್ನಲಿಲ್ಲ.

ಮರುದಿನವೇ ದೇಸಾಯಿ ಸರ್ ಎದುರು ಕೂತು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಸಾಲ ಇವರದೇ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ. ಮೊದಲ ತಕರಾರು ತಪ್ಪು ತಿಳಿವಳಿಕೆಯಿಂದ ಆದದ್ದು ಎಂದೆ. ಉಳಿದ ಕಂತು ಪೂರ್ತಿ ಕೊಡುತ್ತಾರೆ; ನೋಟೀಸುಗಳೆಲ್ಲ ಇವರು ಆಗಲೇ ಖಾಲಿ ಮಾಡಿದ್ದ ಹಳೆ ಬಾಡಿಗೆ ಮನೆಗೆ ಹೋಗಿ ಇವರಿಗೆ ತಲುಪಿಲ್ಲವಾದ್ದರಿಂದ ತಡವಾದ ದಂಡ ಬಿಡಬೇಕು; ಹಣ ಸಂದ ಮೇಲೆ ‘ಕ್ಲೋಸ್ಡ್’ ಎಂದು ವರದಿ ಮಾಡುತ್ತೇವೆಂದು ಮೊದಲೇ ಬರೆದು ಕೊಡಬೇಕು. ಸರ್ ಓದಿ ಪೆನ್ನು ತೆಗೆದರು. ಏನೂ ಹೊಡೆಯಲಿಲ್ಲ. ಪೆನ್ನಿನ ಟೋಪಿ ಹಾಕಿ ಕಿಸೆಗಿಟ್ಟುಕೊಂಡರು. ನನಗೆ ಸಿಕ್ಕ ಬಹುಮಾನ ಅದೊಂದೇ, ಮತ್ತೊಂದು ಬೇಕೂ ಆಗಿರಲಿಲ್ಲ.

ಕಂಪನಿಯವರು ವಾರದೊಳಗೇ ಒಪ್ಪಿ ಬರೆದರು. ಪತ್ರ ಕೈಗೆ ಬಂದ ಮೇಲೆಯೇ ಬಸು ಕೊಟ್ಟ ಟಿಕೀಟಿನ ಹಣ ಹೋಯಿತು, ಅದೂ ಕಂಪನಿಯ ಖಾತೆಗೆ. ಬಾಕಿ ಇಲ್ಲವೆಂಬ ಪತ್ರ ಬಂತು. ಅದನ್ನು ಲಗತ್ತಿಸಿ ಮತ್ತೊಮ್ಮೆ ತಕರಾರು ಹಾಕಿದೆ. ಲಗತ್ತನ್ನು ತೆರೆದು ನೋಡಿಯೇ ಹಾಕಿದೆ, ಮಾಸ್ತರರ ಆಣೆಗೂ. ಮುಂಜಾನೆ ಎದ್ದ ಕೂಡಲೇ ಕಾಕಾನ ರಿಪೋರ್ಟು ನೋಡುವುದೇ ಚಟವಾಯಿತು. ಈ ಸಲ ತಿಂಗಳು ಹಿಡಿಯಲಿಲ್ಲ, ಹತ್ತೇ ದಿನಕ್ಕೆ ಕೆಂಪು ಹೋಗಿತ್ತು. ಕಾಕಾನಿಗೆ ತೋರಿಸಿದರೆ ಫೋನನ್ನು ದೂರ ಹಿಡಿದು ನೋಡಿ, “ಆ ಪಟಗದ ಫೋಟೊ ತಗದ್ರೇನು?” ಎಂದು ಬೇಸರ ಮಾಡಿಕೊಂಡ.

ಬ್ಯಾಂಕು ಸಾಲ ಕೊಟ್ಟಿತು. ಆದರೆ ಮೂರನೇ ಅಮಾವಾಸ್ಯೆಯ ಮುಂಜಾನೆಯೂ ಗಾಡಿ ವಿಜಯಪುರದ ಷೋರೂಮಿನಲ್ಲೇ ಇತ್ತು. ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಪೂಜೆ ಶುರುವಾಯಿತು. ಪಾಳಿಗಾಗಿ ಕಾಯುತ್ತಿದ್ದವನು ತನ್ನ ಗಾಡಿಯನ್ನು ಆಗಲೇ ಹತ್ತಿರ ತಂದು ನಿಲ್ಲಿಸಿದ್ದ. ಚಾಚಾ ಒಮ್ಮೆ ನಿಂಬೆಹಣ್ಣು ಸಣ್ಣದಾಯಿತು ಎಂದರು, ಬೇರೆ ತರಿಸಿದರು. ಆಮೇಲೆ ಮೆಣಸಿನಕಾಯಿ ಬಾಡಿದೆ ಎಂದರು. ಆಮೇಲೆ ಚಹಾ ಬೇಕೆಂದರು. ಎರಡನೇ ಚಹಾಕ್ಕೆ ಹೇಳುವಾಗ ದೂರದಲ್ಲಿ ಹಾರ್ನ್ ಕೇಳಿಸಿತು. ಹಾರ್ನ್ ಹೊಡೆಯುವ ರೀತಿಯಿಂದಲೇ ಗೊತ್ತಾಯಿತು. ಕಾಲೇಜಿಗೆ ತಡವಾದಾಗ ನನ್ನನ್ನು ಎಬ್ಬಿಸುತ್ತಿದ್ದ ಅದೇ ಮೂರು ಹೊಡೆತ. ಚೆಂಡುಹೂವಿನ ಹಾರ ಹಾಕಿಕೊಂಡ ಬಿಳಿ ಗಾಡಿ ಬಂದು ಖಾಲಿ ಜಾಗದಲ್ಲಿ ನಿಂತಿತು. ಚಾಚಾ ಚಹಾ ಬೇಡವೆಂದರು.

ಈಗ ಕಾಲ ಬದಲಾಗಿದೆ. ರಿಪೋರ್ಟನ್ನು ಜನ ತಾವೇ ಫೋನಿನಲ್ಲಿ ನೋಡಿಕೊಳ್ಳುತ್ತಾರೆ, ತಕರಾರೂ ತಾವೇ ಹಾಕುತ್ತಾರೆ. ಹೇಗೆ ಹಾಕುವುದೆಂದು ಕೇಳಿದವರಿಗೆಲ್ಲ ಹೇಳಿಕೊಟ್ಟು ನನ್ನ ಗಿರಾಕಿಗಳನ್ನು ನಾನೇ ಕಡಿಮೆ ಮಾಡಿಕೊಂಡೆ. ಆಗ ಬಸು, “ನಮ್ಮ ಶೆಡ್ಡಿನ್ಯಾಗ ಖರೀದಿ ನೋಡಾಕ ಒಬ್ರು ಬೇಕು, ಬರ್ತೀಯೇನು?” ಎಂದ. ಹೋದೆ. ಈಗ ದಿನಾ ಮನೂಕದ ವಾಸನೆಯಲ್ಲಿ ಇರುತ್ತೇನೆ. ಆದರೂ ಆ ಟೇಬಲ್ಲಿಗೆ ಯಾರೋ ಬಂದು ದನಿ ತಗ್ಗಿಸಿ ‘ಸ್ವಲ್ಪ ನೋಡಪ್ಪ’ ಎನ್ನುವುದು ನೆನಪಾದರೆ ಬೆರಳು ತುರಿಸುತ್ತವೆ. ಹೊಸಬರೇ, ನಿಮ್ಮ ಮುಂದೆ ಕೂತವನು ‘ತುಂಬೀನಿ’ ಎಂದು ಎದ್ದು ನಿಂತರೆ ಅವನನ್ನು ಸುಳ್ಳನೆಂದು ಬರೆದುಕೊಳ್ಳಬೇಡಿ. ಎಲ್ಲಿಗೆ ತುಂಬಿದ ಎಂದು ಕೇಳಿ.

ಆ ಅಮಾವಾಸ್ಯೆಯ ದಿನದ ಮಾತು ಒಂದು ಉಳಿಯಿತು. ಪಾಳಿ ಕೂಗಿ, ಹೊಸ ಗಾಡಿಯ ಮೊದಲ ಟ್ರಿಪ್ಪು ವಿಜಯಪುರಕ್ಕೆ ಹೊರಟಿತು. ಮುಂದಿನ ಸೀಟಿನಲ್ಲಿ ಕಾಕು, ಹಿಂದೆ ನಾವು ಒತ್ತಿ ಒತ್ತಿ. ಬಸು ಕಾಲಿಡುವ ಮೊದಲೇ ಕಾಕಾ ಕೈ ಚಾಚಿದ: “ಮೊದಲ ಟಿಕೀಟು!” ಬಸು ಎಲ್ಲರಿಗೂ ಕಾಣುವ ಹಾಗೆ ನೋಟನ್ನು ಎತ್ತಿ ಹಿಡಿದು ಕೊಟ್ಟ. ವಿಜಯಪುರದಲ್ಲಿ ಇಳಿಯುವಾಗ ನಾನೂ ನನ್ನ ಟಿಕೀಟಿನ ಹಣ ಚಾಚಿದೆ. ಕಾಕಾ ನನ್ನ ಕೈ ದೂಡಿದ.

“ಹೋಗ್ಲಿ ಬಿಡಲೇ.”

ಬಸು ನನ್ನ ಮುಖ ನೋಡಿದ. ಕಾಕಾ ನನ್ನ ಫೀ ಇನ್ನೂ ಕೊಟ್ಟಿರಲಿಲ್ಲ.

“ಕಾಕಾ,” ಎಂದೆ, “ಖರೇ ಹೇಳು. ಇದು ಪ್ರೀತಿಲೆ ಬಿಟ್ಟಿದ್ದೋ, ನನ್ನ ಫೀದಾಗ ವಜಾನೋ?”

ಕಾಕಾ ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಮೂರು ಹಾರ್ನ್ ಹೊಡೆದು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದ:

“ಕೇಳ್ರೆಪೋ ಎಲ್ಲಾರೂ! ರೇವಣಸಿದ್ದಪ್ಪನ ಕಡಿಂದ ಸಂಗಮೇಶಗ ಇವತ್ತಿನ ಟಿಕೀಟು ಆಯೇರ!”

“ಆತಲ್ಲ?” ಎಂದಳು ಕಾಕು, ಸೆರಗು ಸರಿಪಡಿಸಿಕೊಳ್ಳುತ್ತ. “ಕೂಗಿದ ಮ್ಯಾಲ ಅದು ನಿಂದಲ್ಲ. ಈಗ ಹುಡುಗನ ಫೀ ತಗಿ.”